500 ರೂಪಾಯಿಯ ಚೀಟಿ

ಸಂಜೆ ಪಕ್ಕದ ವಠಾರದ ಹೆಣ್ಣುಮಗಳು ಬಂದು ಬಾಗಿಲಲ್ಲೇ ನಿಂತಳು. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಟೊಮೆಟೊ ಆರಿಸಿ ಬಾಕ್ಸಿಗೆ ತುಂಬುವ ಕೂಲಿ ಅವಳದು. ಬೆರಳುಗಳ ಕರೆ ಇನ್ನೂ ಹೋಗಿರಲಿಲ್ಲ. “ಅಕ್ಕಾ, 500 ರೂಪಾಯಿ ಇದ್ದರೆ ಕೊಡಿ, ಶನಿವಾರ ಕೂಲಿ ಬಂದ ಕೂಡಲೇ ಹಿಂದಿರುಗಿಸುತ್ತೇನೆ. ಮಗಳ ಶಾಲೆಗೆ ಅಭಿವೃದ್ಧಿ ಶುಲ್ಕ ಕಟ್ಟಲೇಬೇಕಂತೆ” ಎಂದಳು. ಮಗಳು ಆರನೇ ತರಗತಿ. ಓದುವುದು ಸರ್ಕಾರಿ ಶಾಲೆಯಲ್ಲಿ.

ಹಣ ಕೊಟ್ಟೆ. ಆದರೆ ಆ ‘ಕಟ್ಟಲೇಬೇಕು’ ಎಂಬ ಮಾತು ಎದೆಯಲ್ಲಿ ಚುಚ್ಚುತ್ತಲೇ ಇದೆ. ಆರರಿಂದ ಹದಿನಾಲ್ಕು ವರ್ಷದ ಮಗುವಿನ ಓದಿಗೆ ಅಡ್ಡಿಯಾಗುವಂಥ ಯಾವ ಶುಲ್ಕವನ್ನೂ ಕೇಳುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. 2022ರ ಅಕ್ಟೋಬರ್‌ನಲ್ಲಿ ನಮ್ಮ ಶಿಕ್ಷಣ ಇಲಾಖೆಯೇ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಶಾಲೆಯ ಉಸ್ತುವಾರಿ ನೋಡಿಕೊಳ್ಳುವ ಎಸ್‌ಡಿಎಂಸಿ ಸಮಿತಿಗಳಿಗೆ ಸುತ್ತೋಲೆ ಕಳುಹಿಸಿತ್ತು. ಜನ ಸಿಟ್ಟಾದರು, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಿತು. ಅದಾದರೂ ಇಷ್ಟವಿದ್ದವರು ಕೊಡುವ ದೇಣಿಗೆ. ಇದು ಹಾಗಲ್ಲ.

ಶಾಲೆಗೆ ಕಷ್ಟವಿಲ್ಲ ಎಂದು ನಾನು ಹೇಳುವುದಿಲ್ಲ. ಶೌಚಾಲಯ ತೊಳೆಯುವವರಿಗೆ ಕೊಡಲು ಮೇಷ್ಟ್ರುಗಳು ತಮ್ಮ ಜೇಬಿಗೇ ಕೈಹಾಕುವುದನ್ನು ಕಂಡಿದ್ದೇನೆ. ಆ ಹಣವನ್ನು ಸರ್ಕಾರ ಕೊಡಬೇಕು, ಟೊಮೆಟೊ ಬುಟ್ಟಿ ಹೊರುವ ತಾಯಿಯಲ್ಲ.

ನಾಳೆ ಅವಳ ಜೊತೆ ನಾನೂ ಶಾಲೆಗೆ ಹೋಗುತ್ತೇನೆ. ಜಗಳಕ್ಕಲ್ಲ, ಯಾವ ಆದೇಶದ ಮೇಲೆ ಕೇಳುತ್ತಿದ್ದೀರಿ ಎಂದು ವಿಚಾರಿಸಲು. ತಾಯಿಯ ಸೆರಗಿನ ಹಿಂದೆ ನಿಂತಿದ್ದ ಆ ಹುಡುಗಿ, ಶುಲ್ಕದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಅಂಗೈಯಲ್ಲಿ ಮುಚ್ಚಿಟ್ಟುಕೊಂಡಿದ್ದಳು.