ಕ್ಯಾನ್ಸಸ್‌ನಲ್ಲಿ ನೋಡೋಕೆ ಏನಿದೆ?

ಊರಿಂದ ಫೋನ್ ಬಂದರೂ ಇದೇ, ನ್ಯೂಜೆರ್ಸಿಯ ಗೆಳೆಯರು ಸಿಕ್ಕರೂ ಇದೇ. "ವಿಚಿಟಾನಾ? ಅಲ್ಲಿ ನೋಡೋಕೆ ಏನಿದೆ?" ಅಮೆರಿಕಾದ ನಟ್ಟನಡುವಿನ ಕ್ಯಾನ್ಸಸ್ ರಾಜ್ಯದಲ್ಲಿ ವಿಮಾನ ತಯಾರಿಸುವ ಊರು, ಕೆಲಸ ಸಿಕ್ಕಿತು, ಬಂದೆ. ಬೆಟ್ಟವಿಲ್ಲ, ಕಡಲಿಲ್ಲ. ಗೋಧಿ ಹೊಲ, ಅದರ ಮೇಲೆ ಆಕಾಶ, ನಡುವೆ ಬಿಡದೆ ಬೀಸುವ ಗಾಳಿ. ಮೊದಮೊದಲು ನಾಚಿಕೊಂಡು ಮಾತು ಮರೆಸುತ್ತಿದ್ದೆ. ಈಗ ನೇರವಾಗಿ ಹೇಳುತ್ತೇನೆ: ಒಂದು ಹಗ್ಗದ ಉಂಡೆ ಇದೆ, ಬನ್ನಿ.

ನಗಬೇಡಿ. ವಿಚಿಟಾದಿಂದ ಉತ್ತರಕ್ಕೆ ಸುಮಾರು ಮೂರು ಗಂಟೆ ಕಾರು ಓಡಿಸಿದರೆ ಕಾಕರ್ ಸಿಟಿ. ಹೆಸರಲ್ಲಷ್ಟೇ ಸಿಟಿ, ಇರುವ ಜನ ಐನೂರೂ ಇಲ್ಲ. 1953ರಲ್ಲಿ ಅಲ್ಲಿನ ರೈತ ಫ್ರಾಂಕ್ ಸ್ಟೋಬರ್ ತನ್ನ ಕೊಟ್ಟಿಗೆಯಲ್ಲಿ ಬಿದ್ದಿದ್ದ ತುಂಡು ಹುರಿಗಳನ್ನೆಲ್ಲ ಗಂಟು ಹಾಕಿ ಸುತ್ತತೊಡಗಿದ. ಹುಲ್ಲಿನ ಪೆಂಡಿ ಕಟ್ಟಿದ ಹುರಿ ಅದು. ದನಕ್ಕೆ ಹುಲ್ಲು ಹಾಕುವಾಗ ಕತ್ತರಿಸಿ ಅಲ್ಲೇ ಬಿಟ್ಟರೆ ಹುಲ್ಲಿನ ಜೊತೆ ದನದ ಹೊಟ್ಟೆಗೆ ಹೋಗುತ್ತದೆ, ಆದ್ದರಿಂದ ಆರಿಸಿ ಎತ್ತಿಡಲೇಬೇಕು. ಬೇರೆಯವರು ಮೂಲೆಗೆ ಎಸೆದರು, ಈತ ಸುತ್ತಿದ. ನಾಲ್ಕು ವರ್ಷಕ್ಕೆ ಉಂಡೆ ಎಂಟು ಅಡಿ ಎತ್ತರ, 5,000 ಪೌಂಡ್ ತೂಕ. 1961ರಲ್ಲಿ ಅದನ್ನು ಊರಿಗೇ ಕೊಟ್ಟುಬಿಟ್ಟ. 1974ರಲ್ಲಿ ಸ್ಟೋಬರ್ ತೀರಿಕೊಳ್ಳುವ ಹೊತ್ತಿಗೆ ಅದು 11 ಅಡಿ ಅಗಲವಾಗಿತ್ತು, ಅದರಲ್ಲಿ 16 ಲಕ್ಷ ಅಡಿ ಹುರಿ ಇತ್ತು. ಆಮೇಲೂ ಊರಿನವರು ನಿಲ್ಲಿಸಲಿಲ್ಲ. ಪ್ರತಿ ಆಗಸ್ಟ್‌ನಲ್ಲಿ ಎಲ್ಲರೂ ಸೇರಿ ಸುತ್ತುವ ಹಬ್ಬವೇ ನಡೆಯುತ್ತದೆ. ಈಗ ತೂಕ ಒಂಬತ್ತು ಟನ್, ಅಂದರೆ ಸುಮಾರು 20,000 ಪೌಂಡ್ ದಾಟಿದೆ. ರಸ್ತೆ ಬದಿಯಲ್ಲಿ, ತೆರೆದ ಮಾಡಿನ ಕೆಳಗೆ, ಮದುವೆಮನೆಯಲ್ಲಿ ಊಟ ಮುಗಿಸಿ ಕೂತ ದೊಡ್ಡಪ್ಪನ ಹಾಗೆ ಬುಡ ಅಗಲಿಸಿಕೊಂಡು ಕೂತಿದೆ. ಎದುರಿನ ಅಂಗಡಿಗಳ ಗಾಜಿನ ಹಿಂದೆ ಜಗತ್ತಿನ ಪ್ರಸಿದ್ಧ ಚಿತ್ರಗಳ ನಕಲುಗಳಿವೆ, ಎಲ್ಲದರಲ್ಲೂ ಹುರಿ ಉಂಡೆ ತೂರಿಕೊಂಡಿದೆ. ಮೋನಾಲಿಸಾಳ ಕೈಯಲ್ಲೂ.

ಇದಕ್ಕೊಬ್ಬ ದಾಯಾದಿಯೂ ಇದ್ದಾನೆ. ಮಿನ್ನೆಸೋಟಾದ ಡಾರ್ವಿನ್ ಎಂಬ ಊರಿನಲ್ಲಿ ಫ್ರಾನ್ಸಿಸ್ ಜಾನ್ಸನ್ 1950ರಲ್ಲೇ ಶುರು ಮಾಡಿ, ಒಬ್ಬನೇ ಸುತ್ತಿದ ಉಂಡೆ 17,400 ಪೌಂಡ್ ತೂಗುತ್ತದೆ. ಒಬ್ಬನೇ ಸುತ್ತಿದ್ದರಲ್ಲಿ ನಮ್ಮದೇ ದೊಡ್ಡದು ಎಂದು ಅವರು, ಒಟ್ಟಾರೆ ನಮ್ಮದೇ ದೊಡ್ಡದು ಎಂದು ಇವರು. ನಾನು ಕ್ಯಾನ್ಸಸ್‌ಗೆ ತೆರಿಗೆ ಕಟ್ಟುವವನು, ನನ್ನ ತೀರ್ಪು ಏನೆಂದು ಹೇಳಬೇಕಾಗಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಮುಕ್ಕಾಲು ಗಂಟೆ ಬಂದರೆ ಲ್ಯೂಕಸ್. ದಾರಿಯುದ್ದಕ್ಕೂ ಬೇಲಿಗೆ ಕಲ್ಲುಕಂಬ, ನಮ್ಮ ತುಮಕೂರು ಕೋಲಾರದ ಕಡೆಯ ಹಾಗೆ. ನಮ್ಮದು ಗ್ರಾನೈಟ್, ಅವರದು ಸುಣ್ಣಕಲ್ಲು. ಮರವೇ ಇಲ್ಲದ ಬಯಲಿಗೆ ಬಂದು ನೆಲೆಸಿದವರಿಗೆ ಬೇಲಿಗೂಟಕ್ಕೆ ಸಿಕ್ಕಿದ್ದು ನೆಲದಡಿಯ ಈ ಕಲ್ಲು. ಅಗೆದಾಗ ಮೆತ್ತಗಿದ್ದು, ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಅದೇ ಕಲ್ಲನ್ನು ಮರದ ದಿಮ್ಮಿಯ ಹಾಗೆ ಸೀಳಿ ಸ್ಯಾಮ್ಯುಯೆಲ್ ಡಿನ್ಸ್‌ಮೂರ್ ಎಂಬ ಮುದುಕ 1907ರಲ್ಲಿ ಮನೆ ಕಟ್ಟಿದ. ಅಮೆರಿಕಾದ ಅಂತರ್ಯುದ್ಧದಲ್ಲಿ ಕಾದಾಡಿ ಬಂದವನು. ಮನೆಯ ಸುತ್ತ ಸಿಮೆಂಟಿನಲ್ಲಿ ಆದಾಮ, ಈವ್, ಹಾವು, ಸೈತಾನ, ಎಲ್ಲವನ್ನೂ ಎತ್ತಿ ನಿಲ್ಲಿಸಿ 'ಈಡನ್ ತೋಟ' ಎಂದ. ನನಗೆ ಹಿಡಿಸಿದ್ದು ಅದರ ಹಿಂಬದಿ. ಅಲ್ಲಿ ಶಿಲುಬೆಗೇರಿದವನು ಯೇಸುವಲ್ಲ, ದುಡಿಯುವವನು. ಮೊಳೆ ಹೊಡೆಯುತ್ತಿರುವವರು ವಕೀಲ, ವೈದ್ಯ, ಪಾದ್ರಿ ಮತ್ತು ಬ್ಯಾಂಕಿನವನು. ಎಂಬತ್ತೊಂದನೇ ವಯಸ್ಸಿನಲ್ಲಿ ಇಪ್ಪತ್ತರ ಹುಡುಗಿಯನ್ನು ಮದುವೆಯಾದ ಈ ಪುಣ್ಯಾತ್ಮ 1932ರಲ್ಲಿ ತೀರಿಕೊಂಡ. ತನಗಾಗಿ ಮೊದಲೇ ಕಟ್ಟಿಸಿಟ್ಟಿದ್ದ ಗಾಜಿನ ಮುಚ್ಚಳದ ಶವಪೆಟ್ಟಿಗೆಯಲ್ಲಿ ಇವತ್ತಿಗೂ ಮಲಗಿದ್ದಾನೆ. ಟಿಕೆಟ್ ತೆಗೆದುಕೊಂಡರೆ ಮುಖ ನೋಡಬಹುದು. ನನ್ನ ಹೆಂಡತಿ ಹೊರಗೇ ನಿಂತಳು. ಸಾರ್ವಜನಿಕ ಶೌಚಾಲಯವನ್ನೇ ಕಮೋಡಿನ ಆಕಾರದಲ್ಲಿ ಕಟ್ಟಿಕೊಂಡ ಊರೂ ಇದೇ.

ಕತೆ ಬೇಕೆನ್ನುವವರಿಗೆ ಕ್ಯಾನ್ಸಸ್‌ನದೇ ಲಾರೆನ್ಸ್ ಎಂಬ ಊರಿನ ಹತ್ತಿರ ಸ್ಟಲ್ ಎಂಬ ಹಳ್ಳಿ ಇದೆ. ಅಲ್ಲಿನ ಸ್ಮಶಾನ ನರಕದ ಬಾಗಿಲಂತೆ, ವರ್ಷದಲ್ಲಿ ಎರಡು ಸಲ ಸೈತಾನ ಬರುತ್ತಾನಂತೆ. ಈ 'ಅಂತೆ'ಯ ಬೇರು ಹುಡುಕಿದರೆ ಸಿಗುವುದು ಶತಮಾನಗಳ ಐತಿಹ್ಯವಲ್ಲ, 1974ರ ನವೆಂಬರ್‌ನಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯಲ್ಲಿ ಬಂದ ಒಂದು ಬರಹ. ಊರಿನವರಿಗೇ ಅದು ಹೊಸ ಸುದ್ದಿ. ಅಂದಿನಿಂದ ಹ್ಯಾಲೋವೀನ್ ಎಂಬ ಭೂತಪ್ರೇತಗಳ ಹಬ್ಬದ ರಾತ್ರಿ ಕಾಲೇಜು ಹುಡುಗರ ಹಿಂಡು, ಅವರನ್ನು ತಡೆಯಲು ಪೊಲೀಸರು. ಪಾಳುಬಿದ್ದಿದ್ದ ಹಳೆಯ ಚರ್ಚನ್ನು 2002ರಲ್ಲಿ ಕೆಡವಿಯೂ ಆಯಿತು. ದಯವಿಟ್ಟು ಅಲ್ಲಿಗೆ ಹೋಗಬೇಡಿ. ಅದು ಯಾರದೋ ಅಜ್ಜ ಅಜ್ಜಿ ಮಲಗಿರುವ ಜಾಗ.

ಉಂಡೆಗೇ ವಾಪಸು ಬರುತ್ತೇನೆ. ಎರಡು ವರ್ಷದ ಹಿಂದೆ ಅಪ್ಪ ಬಂದಿದ್ದರು. ಚಿಕ್ಕನಾಯಕನಹಳ್ಳಿ ಕಡೆಯ ರೈತ. ಚಿಕಾಗೋದ ಗಗನಚುಂಬಿಗಳನ್ನು ತೋರಿಸಿದಾಗ "ಹೂಂ, ದೊಡ್ಡವು" ಎಂದಿದ್ದಷ್ಟೇ. ಕಾಕರ್ ಸಿಟಿಯಲ್ಲಿ ಮಾತ್ರ ಕಾರಿಳಿದವರೇ ಸೀದಾ ಹೋಗಿ ಹುರಿಯ ಎಳೆಯೊಂದನ್ನು ಬೆರಳಲ್ಲಿ ತೀಡಿ, ಮೂಸಿ ನೋಡಿದರು.

"ಇದು ಕತ್ತಾಳೆ ನಾರು ಕಣೋ. ನಮ್ಮ ಬದುವಿನ ಮೇಲಿರೋದೇ."

ನಿಜ, ಅದೇ ಜಾತಿ. ಇಬ್ಬರ ಮನೆಗೂ ಅದು ಮೆಕ್ಸಿಕೋದಿಂದ ಬಂದ ನೆಂಟ. ಉಂಡೆ ನೋಡಿಕೊಳ್ಳುವವರಿಗೆ ಕೇಳಿದರೆ ಯಾರು ಬೇಕಾದರೂ ಒಂದಿಷ್ಟು ಹುರಿ ಸುತ್ತಬಹುದು. ಅಪ್ಪ ಪಂಚೆ ಎತ್ತಿ ಕಟ್ಟಿ, ಮೂರು ಸುತ್ತು ಬಂದರು. ಹಳೆಯ ಗಂಟುಗಳನ್ನು ನೋಡಿ, ಇದು ಅವಸರದಲ್ಲಿ ಹಾಕಿದ್ದು, ಇದು ಚೆನ್ನಾಗಿದೆ ಎಂದು ಷರಾ ಬರೆದರು. ತಮ್ಮ ತುದಿಗೆ ಎಮ್ಮೆ ಕಟ್ಟುವ ಗಂಟು ಹಾಕಿ ಎರಡು ಸಲ ಜಗ್ಗಿ ನೋಡಿದರು.

ಊರಿಗೆ ಹೋದ ಮೇಲೆ ಅರಳಿಕಟ್ಟೆಯಲ್ಲಿ ಯಾರೋ ಕೇಳಿದರಂತೆ, ಅಮೆರಿಕಾದಲ್ಲಿ ಏನೇನು ನೋಡಿದಿರಿ ಗೌಡ್ರೇ ಅಂತ.

"ಹಗ್ಗ" ಎಂದರಂತೆ.