ಗಿರಾಕಿಗೆ ಸಸಿ ತೋರಿಸಬೇಡಿ, ಬೆಳೆದ ಮರ ತೋರಿಸಿ

ಲ್ಯಾಂಡ್‌ಸ್ಕೇಪಿಂಗ್ ಕೆಲಸದಲ್ಲಿ ಮಾತಿಗೆ ಮಾತು ಬೆಳೆಯುವುದು ದುಡ್ಡಿಗಿಂತ ಜಾಸ್ತಿ ಜಾಗದ ವಿಷಯಕ್ಕೆ. ನರ್ಸರಿಯಲ್ಲಿ ಎಲ್ಲ ಗಿಡವೂ ಒಂದೇ ಥರ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ನಿಂತಿರುತ್ತದೆ. ದಾಸವಾಳವೂ ಮೊಣಕಾಲೆತ್ತರ, ನಾಗಲಿಂಗವೂ ಮೊಣಕಾಲೆತ್ತರ. ಅಲ್ಲಿ ನಿಂತು "ಇದು ಮುಂದೆ ಐವತ್ತು ಅಡಿ ಹೋಗುತ್ತೆ ಸರ್" ಅಂದರೆ ಯಾರು ನಂಬುತ್ತಾರೆ?

ನಾಗಲಿಂಗದ ವಿಷಯದಲ್ಲಂತೂ ಇದು ಯಾವಾಗಲೂ ಇದ್ದದ್ದೇ. ಎಲ್ಲೋ ಶಿವನ ಗುಡಿಯಲ್ಲಿ ಹೂ ನೋಡಿ ಮನಸೋತಿರುತ್ತಾರೆ. "ಗೇಟ್ ಪಕ್ಕದಲ್ಲೇ ಹಾಕಿಬಿಡಿ, ಕಾರಿಗೆ ನೆರಳೂ ಆಗುತ್ತೆ" ಅನ್ನುತ್ತಾರೆ. ಬೇಡ ಅಂದರೆ ಇವನಿಗೆ ಕೆಲಸ ಮಾಡಲು ಇಷ್ಟವಿಲ್ಲ ಅಂದುಕೊಳ್ಳುತ್ತಾರೆ. ಅದಕ್ಕೇ ನಾನು ಸುಮ್ನೆ ವಾದ ಮಾಡುವುದಿಲ್ಲ. ಬೆಳಗ್ಗೆ ಬೇಗ ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗುತ್ತೇನೆ.

ಮೊದಲು ಹೂವನ್ನೇ ನೋಡಲಿ ಅಂತ ಬಿಡುತ್ತೇನೆ. ಆ ಖುಷಿ ಯಾಕೆ ಕಿತ್ತುಕೊಳ್ಳಬೇಕು, ಅಲ್ವಾ? ಕೀಳುವುದೇನೂ ಬೇಡ, ಬುಡದಲ್ಲೇ ಉದುರಿರುತ್ತವೆ. ದಪ್ಪನೆಯ ಆರು ದಳ, ಒಳಗೆ ಕೆಂಪು, ಹೊರಗೆ ಹಳದಿ. ನಡುವೆ ಲಿಂಗ, ಅದರ ಮೇಲೆ ಬಾಗಿದ ಹೆಡೆ. ಹೆಡೆಯನ್ನು ಮೆಲ್ಲಗೆ ಎತ್ತಿದರೆ ಎರಡು ಥರದ ಕೇಸರ ಕಾಣುತ್ತವೆ. ನಡುವಿನ ಉಂಗುರದಲ್ಲಿರುವುದರ ಪರಾಗ ಕಾಯಿ ಕಟ್ಟುವುದಕ್ಕೆ. ಹೆಡೆಯಲ್ಲಿರುವುದು ದುಂಬಿಗೆ ತಿನ್ನುವುದಕ್ಕೆ. ಈ ಹೂವಿನಲ್ಲಿ ಮಕರಂದ ಇಲ್ಲ. ಪರಾಗವೇ ಲಂಚ. ದುಂಬಿ ತಿನ್ನಲು ನುಗ್ಗಿದಾಗ ಉಂಗುರದ ಪರಾಗ ಅದರ ಮೈಗೆ ಮೆತ್ತಿಕೊಳ್ಳುತ್ತದೆ.

ಆಮೇಲೆ ಕಾಂಡದ ಕಡೆ ನೋಡಿ ಅನ್ನುತ್ತೇನೆ. ಹೂ ಬಿಡುವುದು ಕೊಂಬೆ ತುದಿಯಲ್ಲಲ್ಲ. ಕಾಂಡದಿಂದಲೇ ಹೊರಟ ಉದ್ದುದ್ದ ಕಡ್ಡಿಗಳಲ್ಲಿ. ಕಾಯಿ ಜೋತುಬೀಳುವುದೂ ಅಲ್ಲೇ. ಒಂದೊಂದೂ ಸುಮಾರು 20 ಸೆಂಟಿಮೀಟರ್ ಅಗಲ, ಕಂದು ಬಣ್ಣ, ಕಲ್ಲಿನಂಥ ಸಿಪ್ಪೆ. ಬಲಿಯಲು ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಬಿದ್ದು ಒಡೆದರೆ ತಿರುಳು ಗಾಳಿ ತಾಗಿ ನೀಲಿಗೆ ತಿರುಗುತ್ತದೆ. ಆ ನಾತಕ್ಕೆ ಮೂಗು ಮುಚ್ಚಿಕೊಳ್ಳಬೇಕು. ಈ ಮರದ ತವರು ದಕ್ಷಿಣ ಅಮೆರಿಕದ ಕಾಡು. ಅಲ್ಲಿ ಕಾಡುಹಂದಿಯಂಥ ಪ್ರಾಣಿಗಳು ಬಂದು ತಿಂದು ಬೀಜ ಹರಡುತ್ತವೆ. ನಮ್ಮ ಪೋರ್ಟಿಕೋದಲ್ಲಿ ಬಿದ್ದರೆ ತಿನ್ನೋರು ಯಾರು?

ನೆರಳಿನ ಮಾತೂ ಅಷ್ಟೇ. ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಎಲೆ ಉದುರಿಸಿ ಬೋಳಾಗುವ ಮರ ಇದು. ಬೇಗ ಚಿಗುರುತ್ತದೆ, ಆದರೆ ಅಷ್ಟೂ ಎಲೆ ಗುಡಿಸಬೇಕಲ್ಲ.

ಲಾಲ್‌ಬಾಗ್‌ಗೇ ಕರೆದೊಯ್ಯಲು ಇನ್ನೊಂದು ಕಾರಣ ಇದೆ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, ಈಗ 240 ಎಕರೆ. ನೋಡಲು ಬಂದವರಿಗೆ ಮರ ಕಾಣುತ್ತದೆ, ಅದರ ಸುತ್ತ ಬಿಟ್ಟಿರುವ ಜಾಗ ಕಾಣುವುದಿಲ್ಲ. 30/40 ಸೈಟಿನವರಿಗೆ ಆ ಖಾಲಿ ಜಾಗವನ್ನೇ ಹೆಜ್ಜೆ ಹಾಕಿಸಿ ಅಳೆಸುತ್ತೇನೆ. ಅಷ್ಟರಲ್ಲಿ ಅವರೇ ಮನೆ ಪ್ಲಾನ್ ನೆನಪಿಸಿಕೊಂಡು ಲೆಕ್ಕ ಹಾಕುತ್ತಿರುತ್ತಾರೆ. ನಾನು ಬೇಡ ಅನ್ನುವ ಪ್ರಮೇಯವೇ ಬರುವುದಿಲ್ಲ.

ಎಲ್ಲರಿಗೂ ಬೇಡ ಅಂತಲೂ ಅಲ್ಲ. ಊರಾಚೆ ತೋಟದ ಮನೆ ಕಟ್ಟಿಸುತ್ತಿದ್ದ ರಿಟೈರ್ಡ್ ಟೀಚರ್ ಒಬ್ಬರು ಕಾಯಿಗಳನ್ನು ತುಂಬಾ ಹೊತ್ತು ನೋಡಿದರು. "ಹಾಗಾದ್ರೆ ಬಾವಿ ಆಚೆ ಮೂಲೆಗೆ ಹಾಕೋಣ್ವೇನಪ್ಪಾ? ಅಲ್ಲಿ ಯಾರೂ ಓಡಾಡಲ್ಲ" ಅಂದರು. ಅದೇ ಸರಿಯಾದ ಜಾಗ. ಬುಡದ ಸುತ್ತ ದಾರಿ ಇಲ್ಲ, ನೀರಿನ ತೊಟ್ಟಿ ಇಲ್ಲ, ಮೇಲೆ ಕರೆಂಟ್ ತಂತಿಯೂ ಇಲ್ಲ.

ಮರದಡಿ ಕಲ್ಲುಬೆಂಚು ಬೇಕು ಅಂತ ಮಾತ್ರ ಹಠ ಹಿಡಿದರು. "ಮೇಡಂ, ಪರಿಮಳ ದೂರಕ್ಕೂ ಬರುತ್ತೆ, ಕಾಯಿ ಬರಲ್ಲ" ಅಂದೆ. ನಕ್ಕು ಒಪ್ಪಿಕೊಂಡರು. ಗೇಟ್ ಹತ್ತಿರ ಬಣ್ಣ ಬೇಕಲ್ಲ, ಅಲ್ಲಿ ಹೆಲಿಕೋನಿಯಾ ಹಾಕಿದೆವು. ಅದು ನೆಲದೊಳಗೇ ಗೆಡ್ಡೆ ಹರಡಿಕೊಂಡು ಹೋಗುವ ಗಿಡ. ಹಾಗಾಗಿ ಪಾತಿಯ ಸುತ್ತ ಚಪ್ಪಡಿ ಕಲ್ಲು ಹೂತು ಅಂಚು ಕಟ್ಟಿದ್ದೇವೆ.