ಜೋನಿ ಬೆಲ್ಲ ಹಚ್ಚಿದ ಸಾಲ್ಮನ್, ಆಯಿ ಊರಿಂದ ಬಂದಾಗ

ಜುಲೈ ತಿಂಗಳಲ್ಲಿ ಆಯಿ, ಅಂದ್ರೆ ನಮ್ಮಮ್ಮ, ಕುಮಟಾದಿಂದ ಬೆಂಗ್ಳೂರಿಗೆ ಬಂದ್ರೆ ನಂಗೆ ಒಂದೇ ಚಿಂತೆ, ಮೀನಿಂದು. ನಮ್ಮ ಕಡೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ಬೋಟ್‌ಗಳು ಕಡಲಿಗೆ ಇಳಿಯಲ್ಲ, ಮೀನು ಮರಿ ಮಾಡೋ ಕಾಲ ಅಂತ ನಿಷೇಧ, ನಾಡದೋಣಿಯವ್ರು ತಂದಿದ್ದಷ್ಟೇ ಸಿಗೋದು. ಪೂರ್ವ ಕರಾವಳೀಲಿ ಈ ನಿಷೇಧ ಏಪ್ರಿಲ್ 15ಕ್ಕೆ ಶುರುವಾಗಿ ಜೂನ್ 14ಕ್ಕೇ ಮುಗಿಯುತ್ತೆ, ಅದ್ಕೆ ಜುಲೈನಲ್ಲಿ ಬೆಂಗ್ಳೂರಿಗೆ ಆ ಕಡೆ ಮೀನು ಬರುತ್ತೆ ನಿಜ, ಆದ್ರೆ ಐಸ್‌ನಲ್ಲಿ ಎಷ್ಟು ದಿನ ಇತ್ತೋ ಗೊತ್ತಾಗಲ್ಲ, ಆಯಿ ಕಿವಿರು ಎತ್ತಿ ನೋಡಿ ಮುಖ ಸಿಂಡರಿಸಿ ವಾಪಸ್ ಇಟ್ಟುಬಿಡ್ತಾಳೆ. ಹೋದ ಸಲ ಶಿವಾಜಿನಗರದ ರಸೆಲ್ ಮಾರ್ಕೆಟ್‌ಗೆ ಕರ್ಕೊಂಡು ಹೋಗಿದ್ದೆ, 1927ರಲ್ಲಿ ಕಟ್ಟಿದ ಆ ಹಳೇ ಮಾರ್ಕೆಟ್ ಅವ್ಳಿಗೆ ತುಂಬಾ ಇಷ್ಟ ಆಯ್ತು, ಮೀನು ಮಾತ್ರ ಒಂದೂ ಒಪ್ಪಿಗೆ ಆಗ್ಲಿಲ್ಲ.

ಈ ಸಲ ಬರೋಕ್ ಮುಂಚೇನೇ ತೀರ್ಮಾನ ಮಾಡಿದ್ದೆ, ಆಯಿಗೆ ಸಾಲ್ಮನ್ ಮಾಡಿ ಹಾಕೋದು ಅಂತ. ಕೆಂಪು ಕಿತ್ತಳೆ ಬಣ್ಣದ ಆ ಮೀನನ್ನ ಅವ್ಳು ಟೀವಿಲಿ ನೋಡಿದ್ಳು ಅಷ್ಟೇ.

ತಗೊಳ್ಳೋವಾಗ ಒಂದು ವಿಷಯ ಹುಷಾರು. ಇಲ್ಲಿ 'ಇಂಡಿಯನ್ ಸಾಲ್ಮನ್' ಅಂತ ಮಾರೋದು ರಾವಸ್, ಅದಕ್ಕೂ ಸಾಲ್ಮನ್‌ಗೂ ಯಾವ ಸಂಬಂಧಾನೂ ಇಲ್ಲ. ರಾವಸ್ ಒಳ್ಳೇ ಮೀನೇ, ಸಾರಿಗೆ ಭಾರಿ ರುಚಿ, ಆದ್ರೆ ಮಾಂಸ ಬಿಳಿ ಬಿಳಿ ಇರುತ್ತೆ, ಸಾಲ್ಮನ್‌ನಷ್ಟು ಕೊಬ್ಬು ಇರಲ್ಲ. ಎರಡು ವರ್ಷದ ಹಿಂದೆ ಒಂದು ಅಂಗಡೀಲಿ ಫೋನ್ ಮಾಡಿ ಸಾಲ್ಮನ್ ಬೇಕು ಅಂದಿದ್ದಕ್ಕೆ ರಾವಸ್ ಕಳ್ಸಿ ಸಾಲ್ಮನ್ ರೇಟೇ ಹಾಕಿದ್ರು, ಕೇಳಿದ್ರೆ ಎರಡೂ ಒಂದೇ ಸಾರ್ ಅಂದ್ರು, ಆ ದಿನದ ಸಿಟ್ಟು ನಂಗೆ ಇನ್ನೂ ಇದೆ. ನಿಜವಾದ್ದು ಅಂದ್ರೆ ಅಟ್ಲಾಂಟಿಕ್ ಸಾಲ್ಮನ್, ನಾರ್ವೆ ಕಡೆ ಸಮುದ್ರದ ಒಳಚಾಚುಗಳಲ್ಲಿ ದೊಡ್ಡ ದೊಡ್ಡ ಬಲೆಯ ಪಂಜರ ಕಟ್ಟಿ ಸಾಕ್ತಾರೆ. ಮಾಂಸದಲ್ಲಿ ಬಿಳಿ ಗೆರೆ ಗೆರೆ ಕಾಣುತ್ತೆ, ಅದೇ ಕೊಬ್ಬಿನ ಪದರ. ನಾನು ಈ ಸಲ ಚರ್ಮ ಇರೋ ಫಿಲೆ, ಅಂದ್ರೆ ನಡುಮುಳ್ಳು ತೆಗೆದ ಹೋಳು, 450 ಗ್ರಾಂ ತಂದೆ, ಮೂರು ಪೀಸು, ಎರಡು ನಡು ಭಾಗದ್ದು ಒಂದು ಬಾಲದ ಕಡೇದು. ರೇಟು ಕಮ್ಮಿ ಇಲ್ಲ, 1,400 ರೂಪಾಯಿ ಹತ್ರ ಆಯ್ತು, ವರ್ಷಕ್ಕೆ ಎರಡು ಮೂರು ಸಲ ಅಷ್ಟೇ ತರೋದು, ಅದಕ್ಕೇ ಕೆಡಿಸಬಾರದು ಅನ್ನೋದು.

ಹಿಂದೆ ಒಂದ್ಸಲ ಕೆಡಿಸಿದ್ದೆ. ಓಟಿಜಿ (ಕರೆಂಟಿನ ಸಣ್ಣ ಓವನ್) ತಂದ ಹೊಸದ್ರಲ್ಲಿ, ಜೇನುತುಪ್ಪ ಸೋಯಾ ಸಾಸ್ ಎಲ್ಲಾ ಮೊದ್ಲೇ ಹಚ್ಚಿ 220 ಡಿಗ್ರಿಲಿ 25 ನಿಮಿಷ ಇಟ್ಟಿದ್ದೆ, ನಾವು ಬಂಗುಡೆ ಕಾವಲಿ ಮೇಲೆ ಗರಿ ಗರಿ ಮಾಡೋ ಲೆಕ್ಕಾನೇ ತಲೇಲಿ ಇತ್ತು. ಹೊರಗೆ ತೆಗೆದಾಗ ಮೇಲಿನ ಜೇನು ಕಪ್ಪಗೆ ಕರಟಿ ಫಾಯಿಲ್‌ಗೆ ಅಂಟಿತ್ತು, ಮೀನಿನ ಪಕ್ಕದಿಂದ ಬಿಳೀ ಮೊಸರು ಥರ ಏನೋ ಉಕ್ಕಿ ಬಂದಿತ್ತು, ಒಳಗೆ ಹತ್ತಿ ಹಂಗೆ ಒಣಗಿತ್ತು. ಆಮೇಲೆ ಓದಿ, ಮಾಡಿ ನೋಡಿ, ಒಂದೊಂದೇ ಅರ್ಥ ಆಯ್ತು. ಆ ಬಿಳೀದು ಮೀನಿನ ಒಳಗಿನ ಪ್ರೋಟೀನೇ, ಆಲ್ಬುಮಿನ್ ಅಂತಾರೆ, ಬಿಸಿ ಜೋರಾದಾಗ ಮಾಂಸದ ನಾರು ಬಿಗಿಯಾಗಿ ಒಳಗಿನ ನೀರನ್ನ ಹಿಂಡಿ ಹೊರಗೆ ತಳ್ಳುತ್ತಲ್ಲ, ಆ ನೀರಿನ ಜೊತೆ ಇದೂ ಬಂದು ಮೇಲೆ ಗಟ್ಟಿ ಆಗುತ್ತೆ. ತಿನ್ನೋಕೆ ಏನೂ ತೊಂದರೆ ಇಲ್ಲ, ಆದ್ರೆ ಅದು ಜಾಸ್ತಿ ಬಂತು ಅಂದ್ರೆ ಮೀನು ಅತಿಯಾಗಿ ಬೆಂದಿದೆ ಅಂತ ಅರ್ಥ.

ಹಂಗಾಗಿ ಈಗ ಮೊದಲ ಕೆಲಸ ಉಪ್ಪುನೀರು. ಅರ್ಧ ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ ಉಪ್ಪು ಕರಗಿಸಿ ಮೀನಿನ ಪೀಸು ಹತ್ತು ನಿಮಿಷ ಮುಳುಗಿಸಿ ಇಡೋದು, ಹತ್ತರ ಮೇಲೆ ಬೇಡ. ಮೇಲ್ಮೈ ಪ್ರೋಟೀನನ್ನ ಉಪ್ಪು ಸ್ವಲ್ಪ ಸಡಿಲ ಮಾಡುತ್ತೆ, ಬೇಯೋವಾಗ ಅಷ್ಟು ಹಿಂಡಿಕೊಳ್ಳಲ್ಲ, ಬಿಳೀದು ಉಕ್ಕೋದು ತುಂಬಾ ಕಮ್ಮಿ ಆಗುತ್ತೆ, ಉಪ್ಪೂ ಒಳಗೆ ಹಿಡಿಯುತ್ತೆ. ಆಮೇಲೆ ತೆಗೆದು ಹಳೇ ಕಾಟನ್ ಪಂಚೆ ತುಂಡಲ್ಲಿ ಒತ್ತಿ ಒತ್ತಿ ಒರೆಸಬೇಕು, ಒದ್ದೆ ಇದ್ರೆ ಗ್ಲೇಜ್, ಅಂದ್ರೆ ಮೇಲೆ ಹಚ್ಚೋ ಸಿಹಿ ಪಾಕ, ನಿಲ್ಲಲ್ಲ ಜಾರಿ ಹೋಗುತ್ತೆ.

ನಾನು ಒರೆಸ್ತಾ ಇರ್ಬೇಕಾದ್ರೆ ಆಯಿ ಅಡುಗೆಮನೆಗೆ ಬಂದ್ಳು. ಒಂದು ಪೀಸು ಎತ್ತಿ ಮೂಗಿನ ಹತ್ರ ಹಿಡಿದು ನೋಡಿ, ವಾಸನೆ ಇಲ್ಲ ಅಡ್ಡಿಲ್ಲ ಅಂದ್ಳು. ಆಮೇಲೆ, "ತಮಾ, ಇದಕ್ಕೆ ಬಣ್ಣ ಹಾಕಿದ್ರಾ ಎಂತದು?" ಅಂತ ಕೇಳಿದ್ಳು. ಒಳ್ಳೇ ಪ್ರಶ್ನೆ ಅದು. ಕಡಲಲ್ಲಿ ಬೆಳೆಯೋ ಸಾಲ್ಮನ್ ಸಣ್ಣ ಸಣ್ಣ ಸಿಗಡಿ ಜಾತಿದು ತಿನ್ನುತ್ತೆ, ಅದ್ರಲ್ಲಿರೋ ಅಸ್ಟಾಕ್ಸಾಂಥಿನ್ ಅನ್ನೋ ಬಣ್ಣ ಮಾಂಸಕ್ಕೆ ಇಳಿಯುತ್ತೆ, ಸಾಕೋ ಮೀನಿಗೆ ಅದೇ ಅಂಶವನ್ನ ಆಹಾರದಲ್ಲಿ ಸೇರಿಸಿ ಕೊಡ್ತಾರೆ. ಸಿಗಡಿ ಬೇಯ್ಸಿದ್ರೆ ಕೆಂಪಾಗುತ್ತಲ್ಲ ಆಯಿ, ಅದೇ ಬಣ್ಣ ಇದು ಅಂದೆ. ಹೌದಾ ಅಂತ ಮತ್ತೊಂದು ಸಲ ಬೆಳಕಿಗೆ ಹಿಡಿದು ನೋಡಿದ್ಳು.

ಮುಳ್ಳು ತೆಗೆಯೋದು ಅವ್ಳೇ ಮಾಡಿದ್ಳು. ಫಿಲೆ ಅಂತ ಕೊಟ್ಟಿದ್ರೂ ನಡುವಲ್ಲಿ ಒಂದು ಸಾಲು ಸಣ್ಣ ಮುಳ್ಳು ಉಳಿದಿರುತ್ತೆ, ಕಣ್ಣಿಗೆ ಕಾಣಲ್ಲ. ನಾನು ಚಿಮಟ ಹಿಡ್ಕೊಂಡು ಆರು ತೆಗೆದು ಮುಗೀತು ಅಂದ್ಕೊಂಡಿದ್ದೆ. ಆಯಿ ಹೆಬ್ಬೆಟ್ಟನ್ನ ಬಾಲದ ಕಡೆಯಿಂದ ತಲೆ ಕಡೆಗೆ ನಿಧಾನ ಎಳ್ಕೊಂಡು ಹೋದ್ಳು, ಕಣ್ಣು ನನ್ನ ಮೇಲೇ ಇತ್ತು, ಮೀನು ನೋಡ್ಲೇ ಇಲ್ಲ, ಹೆಬ್ಬೆಟ್ಟು ನಿಂತ ಕಡೆ ಒತ್ತಿದ್ರೆ ಮುಳ್ಳಿನ ತುದಿ ಸೂಜಿ ಹಂಗೆ ಮೇಲೆ ಬರ್ತಿತ್ತು. ಇನ್ನೂ ನಾಲ್ಕು ಸಿಕ್ತು. ಮುಳ್ಳು ಯಾವ ಕಡೆ ವಾಲಿದ್ಯೋ ಆ ಕಡೇಗೇ ಎಳೀಬೇಕು, ನೇರ ಮೇಲಕ್ಕೆ ಕಿತ್ರೆ ಮಾಂಸ ಹರಿಯುತ್ತೆ. ಅರವತ್ತು ವರ್ಷದಿಂದ ಮೀನು ಮುಟ್ಟಿದ ಕೈ ಅದು, ಮೊದಲ ಸಲ ಮುಟ್ಟಿದ ಮೀನೂ ಅದಕ್ಕೆ ಅರ್ಥ ಆಗುತ್ತೆ.

ಇನ್ನು ಗ್ಲೇಜ್. ಎಲ್ಲಾ ಕಡೆ ಜೇನುತುಪ್ಪ ಅಥವಾ ಮೇಪಲ್ ಸಿರಪ್ ಅಂತ ಬರ್ದಿರ್ತಾರೆ, ನಂಗೆ ಆಯಿ ತಂದಿದ್ದ ಜೋನಿ ಬೆಲ್ಲ ಇದ್ದಾಗ ಅದ್ಯಾವ್ದೂ ಬೇಡ ಅನ್ನಿಸ್ತು. ಗೊತ್ತಿಲ್ದೋರಿಗೆ ಹೇಳ್ತೀನಿ, ಜೋನಿ ಬೆಲ್ಲ ಅಂದ್ರೆ ಆಲೆಮನೇಲಿ ಕಬ್ಬಿನ ಹಾಲು ಕಾಯಿಸಿ ಅಚ್ಚಿಗೆ ಹಾಕೋ ಹದಕ್ಕೆ ಮುಂಚೇನೇ ಇಳಿಸಿದ ನೀರುಬೆಲ್ಲ, ನಮ್ಮ ಕಡೆ ದೋಸೆಗೆ ಹಚ್ಕೊಂಡು ತಿಂತೀವಿ. ಸಿಹಿ ಜೊತೆ ಒಂದು ಚೂರು ಉಪ್ಪುಪ್ಪು, ಸ್ವಲ್ಪ ಹೊಗೆ ಪರಿಮಳ ಇರುತ್ತೆ, ಮೀನಿಗೆ ಅದು ಎಷ್ಟು ಹೊಂದುತ್ತೆ ಅಂದ್ರೆ ಜೇನುತುಪ್ಪದಲ್ಲಿ ಮಾಡಿದ್ದು ನಂಗೆ ಈಗ ಬರೀ ಸಿಹಿ ಅನ್ಸುತ್ತೆ. ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಒಂದು ದೊಡ್ಡ ಚಮಚ ಸೋಯಾ ಸಾಸ್, ತುರಿದ ಶುಂಠಿ ಅರ್ಧ ಚಮಚ, ಜಜ್ಜಿದ ಬೆಳ್ಳುಳ್ಳಿ ಮೂರು ಎಸಳು, ಬ್ಯಾಡಗಿ ಮೆಣಸಿನ ಪುಡಿ ಅರ್ಧ ಚಮಚ. ಬೇರೆ ಉಪ್ಪು ಹಾಕ್ಬೇಡಿ, ಸೋಯಾ ಸಾಸ್‌ನಲ್ಲೂ ಉಪ್ಪುನೀರಲ್ಲೂ ಆಗ್ಲೇ ಬಂದಿದೆ. ಸಣ್ಣ ಉರೀಲಿ ಇಟ್ಟು ಚಮಚದ ಹಿಂಭಾಗಕ್ಕೆ ಅಂಟೋ ಅಷ್ಟು ಗಟ್ಟಿ ಆದ್ರೆ ಸಾಕು, ಎಳೆ ಪಾಕದ ತನಕ ಹೋಗ್ಬಾರ್ದು, ತಣ್ಣಗಾದ್ಮೇಲೆ ಇನ್ನೂ ಗಟ್ಟಿ ಆಗುತ್ತೆ. ನಿಂಬೆರಸ ಉರಿ ಆರಿಸಿದ ಮೇಲೆ ಹಿಂಡಬೇಕು, ಅರ್ಧ ಹೋಳು, ಕುದಿಸಿದ್ರೆ ಆ ತಾಜಾ ಪರಿಮಳ ಹೊರಟುಹೋಗುತ್ತೆ.

ನಾನು ಕಲಿತಿದ್ರಲ್ಲಿ ದೊಡ್ಡದು ಇದು, ಗ್ಲೇಜ್ ಮೊದ್ಲೇ ಹಚ್ಬೇಡಿ. ಬೆಲ್ಲ ಜೇನು ಯಾವ್ದೇ ಆಗ್ಲಿ, ಓಟಿಜಿಯ ಕೆಂಪಾದ ಸರಳಿನ ಹತ್ರ ಮೀನು ಬೇಯೋಕ್ ಮುಂಚೇನೇ ಕರಟಿ ಕಹಿ ಆಗುತ್ತೆ. ಓಟಿಜಿ ಹತ್ತು ನಿಮಿಷ 200 ಡಿಗ್ರಿಗೆ ಕಾಯಿಸಿ, ಟ್ರೇಗೆ ಎಣ್ಣೆ ಸವರಿದ ಬೇಕಿಂಗ್ ಪೇಪರ್ ಹಾಸಿ, ಚರ್ಮ ಕೆಳಗೆ ಬರೋ ಹಂಗೆ ಮೀನು ಇಟ್ಟು ಮೇಲೆ ಬರೀ ಎಣ್ಣೆ ಮಾತ್ರ ಸವರಿ ನಡು ತಟ್ಟೇಲಿ ಇಡಿ. ಐದು ನಿಮಿಷ ಆದ್ಮೇಲೆ ಹೊರಗೆ ಎಳೆದು ಒಂದು ಕೋಟ್ ಗ್ಲೇಜ್, ಮತ್ತೆ ಮೂರು ನಿಮಿಷ ಬಿಟ್ಟು ಇನ್ನೊಂದು ಕೋಟ್, ಕೊನೇ ಎರಡು ನಿಮಿಷ ಮೇಲಿನ ಸರಳು ಮಾತ್ರ ಆನ್ ಮಾಡಿ ಅಲ್ಲೇ ನಿಂತು ನೋಡಿ. ಫೋನ್ ನೋಡೋಕ್ ಹೋಗ್ಬೇಡಿ. ಮೊದಲು ಸಣ್ಣ ಸಣ್ಣ ಗುಳ್ಳೆ ಏಳುತ್ತೆ, ಆಮೇಲೆ ಗುಳ್ಳೆ ದೊಡ್ಡದಾಗಿ ಅಂಚಲ್ಲಿ ಮಾತ್ರ ಕಪ್ಪು ಕಂದು ಬಣ್ಣ ಬರುತ್ತೆ, ಅಲ್ಲಿಗೆ ತೆಗೀಬೇಕು. ಒಂದಿಂಚು ದಪ್ಪಕ್ಕೆ ಒಟ್ಟು ಹತ್ತು ನಿಮಿಷ ಅನ್ನೋ ಹಳೇ ಲೆಕ್ಕ ನನ್ನ ಓಟಿಜಿಲಿ ಸರಿಯಾಗೇ ಬರುತ್ತೆ, ನಿಮ್ಮದ್ರಲ್ಲಿ ಒಂದೆರಡು ನಿಮಿಷ ಹೆಚ್ಚು ಕಮ್ಮಿ ಆಗ್ಬಹುದು.

ಯಾವಾಗ ತೆಗೀಬೇಕು ಅನ್ನೋದಕ್ಕೆ ನಾನು ಚುಚ್ಚೋ ಥರ್ಮಾಮೀಟರ್ ಇಟ್ಕೊಂಡಿದೀನಿ, ಮಾಂಸದ ನಡುವೆ 50, 52 ಡಿಗ್ರಿ ತೋರಿಸಿದ್ರೆ ನನ್ನ ಪೀಸು ಹೊರಗೆ, ಐದು ನಿಮಿಷ ಹಂಗೇ ಬಿಟ್ರೆ ಒಳಗಿನ ಬಿಸಿಗೆ ಇನ್ನೆರಡು ಮೂರು ಡಿಗ್ರಿ ತಾನಾಗೇ ಏರುತ್ತೆ. ಫೋರ್ಕಲ್ಲಿ ಒತ್ತಿದ್ರೆ ಪದರ ಪದರವಾಗಿ ಜಾರುತ್ತೆ, ನಡುವೆ ಸ್ವಲ್ಪ ಪಾರದರ್ಶಕ ಇರುತ್ತೆ. ಆದ್ರೆ ಆಹಾರ ಸುರಕ್ಷತೆ ಲೆಕ್ಕದಲ್ಲಿ ಮೀನಿಗೆ ಹೇಳೋದು 63 ಡಿಗ್ರಿ, ವಯಸ್ಸಾದೋರಿಗೆ, ಬಸುರಿಯರಿಗೆ, ಚಿಕ್ಕ ಮಕ್ಕಳಿಗೆ ಅಷ್ಟು ಬೇಯಿಸ್ಲೇಬೇಕು, ಆಯಿಗೆ 71 ವರ್ಷ. ಇದಕ್ಕೇ ನಾನು ಬಾಲದ ಪೀಸು ಕೇಳಿ ತಂದಿದ್ದು. ಬಾಲದ ಕಡೆ ತೆಳ್ಳಗೆ ಇರುತ್ತಲ್ಲ, ದಪ್ಪ ಪೀಸು 52ಕ್ಕೆ ಬರೋ ಹೊತ್ತಿಗೆ ಅದು 63 ದಾಟಿರುತ್ತೆ, ಒಂದೇ ಟ್ರೇಲಿ ಎರಡು ಹದ. ಚುಚ್ಚಿ ನೋಡಿದೆ, 64 ಇತ್ತು. ಕೊಬ್ಬಿರೋ ಮೀನು ಆದ್ರಿಂದ ಅಷ್ಟು ಬೆಂದ್ರೂ ಒಣಗಿರ್ಲಿಲ್ಲ.

ಜೊತೆಗೆ ಹೆಚ್ಚೇನೂ ಮಾಡ್ಲಿಲ್ಲ. ಕುಚ್ಚಲಕ್ಕಿ ಅನ್ನ, ಹುರುಳಿಕಾಯಿ ಬರೀ ಬೆಳ್ಳುಳ್ಳಿ ಒಗ್ಗರಣೇಲಿ, ಸೌತೆಕಾಯಿ ಈರುಳ್ಳಿಗೆ ಉಪ್ಪು ನಿಂಬೆರಸ. ಮಳೆ ಜೋರಾಗಿತ್ತು, ಕಿಟಕಿ ತೆರೆಯೋಕಾಗ್ಲಿಲ್ಲ, ಮನೆ ತುಂಬಾ ಬೆಲ್ಲ ಶುಂಠಿ ಪರಿಮಳ.

ಆಯಿ ಮೊದಲ ತುತ್ತು ಬರೀ ಮೀನು ತಿಂದ್ಳು, ಅನ್ನ ಇಲ್ದೆ. ಏನೂ ಹೇಳ್ಲಿಲ್ಲ. ನನ್ನ ತಟ್ಟೆ ನೋಡಿ, "ನಿಂದು ಬೆಂದೇ ಇಲ್ವಲ್ಲೋ, ಹಸಿ ತಿಂತ್ಯಾ" ಅಂತ ಗದರಿಸಿದ್ಳು, ಬೆಂದಿದೆ ಆಯಿ ಈ ಮೀನಿಗೆ ಇದೇ ಹದ ಅಂದ್ರೂ ನಂಬ್ಲಿಲ್ಲ. ಆಮೇಲೆ ಅನ್ನಕ್ಕೆ ಟ್ರೇಲಿ ಉಳಿದಿದ್ದ ಗ್ಲೇಜ್ ಚಮಚದಲ್ಲಿ ಕೆರೆದು ಹಾಕ್ಕೊಂಡ್ಳು, ಎರಡನೇ ಸಲ ಅನ್ನ ಬಡಿಸ್ಕೊಂಡ್ಳು, ಊರಲ್ಲಿ ಇತ್ತೀಚೆಗೆ ರಾತ್ರಿ ಒಂದು ಸೌಟು ಗಂಜಿ ಕುಡಿದು ಮಲಗೋಳು ಅವ್ಳು. ನನ್ನ ಹೆಂಡ್ತಿ ಮೇಜಿನ ಕೆಳಗೆ ನನ್ನ ಕಾಲು ತಟ್ಟಿದ್ಳು ನೋಡು ಅಂತ. ನಾವಿಬ್ರು ತಟ್ಟೇಲಿ ಬಿಟ್ಟಿದ್ದ ಚರ್ಮ ಮೆತ್ತಗಿತ್ತು, ಓವನ್‌ನಲ್ಲಿ ಕೆಳಗಿರೋ ಚರ್ಮ ಗರಿಯಾಗಲ್ಲ, ಅದನ್ನೂ ಅವ್ಳು ಬಿಸಾಡೋಕೆ ಬಿಡ್ಲಿಲ್ಲ, ಎದ್ದು ಹೋಗಿ ಕಬ್ಬಿಣದ ಕಾವಲಿ ಕಾಯಿಸಿ ಎಣ್ಣೆ ಹಾಕ್ದೆ ಅದ್ರದ್ದೇ ಜಿಡ್ಡಲ್ಲಿ ಎರಡು ಕಡೆ ಒತ್ತಿ ಒತ್ತಿ ಹುರಿದು ತಂದ್ಳು, ಹಪ್ಪಳದ ಹಂಗೆ ಮುರೀತಿತ್ತು. ಇನ್ಮೇಲೆ ನಾನು ಚರ್ಮ ಹಂಗೇ ಮಾಡೋದು.

ಕೈ ತೊಳ್ಕೊಂಡು ಬಂದು ಕೂತು ಕೇಳಿದ್ಳು, "ಆಗಸ್ಟ್‌ಲ್ಲಿ ಬೋಟ್ ಇಳಿದ್ಮೇಲೆ ಬಂಗುಡೆಗೆ ಇದೇ ಬೆಲ್ಲ ಹಚ್ಚಿ ಮಾಡಿದ್ರೆ ಎಂತಾ ಆಗ್ತದೆ?" ಬಂಗುಡೇನೂ ಜಿಡ್ಡಿರೋ ಮೀನೇ, ಆಗ್ಬೇಕು ಅಂತ ನಂಗೂ ಅನ್ಸುತ್ತೆ, ಸೀಳಿ ಬಿಡಿಸಿ ಇಟ್ರೆ ತೆಳು ಆದ್ರಿಂದ ಏಳೆಂಟು ನಿಮಿಷ ಸಾಕು, ಸೋಯಾ ಸಾಸ್ ಬದ್ಲು ಹುಣಸೆಹುಳಿ ಉಪ್ಪು ಹಾಕೋಣ ಅಂತ ಆಯಿ ಆಗ್ಲೇ ತೀರ್ಮಾನ ಮಾಡಿಬಿಟ್ಟಿದಾಳೆ. ಉಳಿದ ಜೋನಿ ಬೆಲ್ಲದ ಬಾಟ್ಲಿ ಮುಚ್ಚಳ ಬಿಗಿ ಮಾಡಿ ಮೇಲಿನ ಕಪಾಟಲ್ಲಿ ಎತ್ತಿಟ್ಟು, ದೋಸೆಗೆ ಅಂತ ಖಾಲಿ ಮಾಡ್ಬೇಡಿ ಅಂತ ನಮ್ಮಿಬ್ರಿಗೂ ಹೇಳಿ ಮಲಗಿದ್ಳು.